ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾದರೆ ಹಾಸನದಲ್ಲಿ ನೆಟ್ ಯಾಕೆ ನಿಧಾನ?

2025ರ ಸೆಪ್ಟೆಂಬರ್ 6ರಂದು ಸೌದಿ ಅರೇಬಿಯಾದ ಜೆಡ್ಡಾ ಹತ್ತಿರ ಕೆಂಪು ಸಮುದ್ರದ ತಳದಲ್ಲಿ ಕೇಬಲ್‌ಗಳು ತುಂಡಾದವು. ಎಸ್‌ಎಂಡಬ್ಲ್ಯು4 ಮತ್ತು ಐಎಂಇಡಬ್ಲ್ಯುಇ ಎಂಬ ಎರಡು ದೊಡ್ಡ ಕೇಬಲ್‌ಗಳಿಗೆ ಪೆಟ್ಟು ಬಿತ್ತು. ಎರಡೂ ಭಾರತವನ್ನು ಯುರೋಪಿಗೆ ಜೋಡಿಸುವಂಥವು. ಭಾರತ, ಪಾಕಿಸ್ತಾನ ಸೇರಿ ಹಲವು ದೇಶಗಳಲ್ಲಿ ನೆಟ್ ನಿಧಾನವಾದ ವರದಿಗಳು ಬಂದವು. ಮಧ್ಯಪ್ರಾಚ್ಯದ ಮೂಲಕ ಹೋಗುವ ಡೇಟಾ ತಡವಾಗಬಹುದು, ಬೇರೆ ದಾರಿಗಳಿಗೆ ತಿರುಗಿಸಿದ್ದೇವೆ ಎಂದು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ತಿಳಿಸಿತು.

ಸುದ್ದಿ ಓದಿದವರಿಗೆ ಗೊಂದಲ ಶುರುವಾಗಿದ್ದೇ ಇಲ್ಲಿ. ಡೇಟಾ ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆ ಅಂತ ಒಂದು ಸಾಲು. ಕೆಲವು ದಿನ ನಿಧಾನ ಇರುತ್ತದೆ ಅಂತ ಮುಂದಿನ ಸಾಲು. ಬೇರೆ ದಾರಿ ಇದ್ದ ಮೇಲೆ ನಿಧಾನ ಯಾಕೆ? ಅದೂ ಯೂಟ್ಯೂಬ್ ಸರಾಗವಾಗಿ ಓಡುವಾಗ ಜರ್ಮನಿಯ ಆಫೀಸಿನ ಜೊತೆಗಿನ ವಿಡಿಯೊ ಕಾಲ್ ಮಾತ್ರ ಯಾಕೆ ತಡವರಿಸುತ್ತದೆ? ಇನ್ನೊಂದು ಪ್ರಶ್ನೆ ನಮ್ಮ ಕಡೆಯದ್ದೇ. ಸಮುದ್ರದ ತಳದಲ್ಲಿ ಕೇಬಲ್ ಹೋದರೂ ನೆಟ್ ಬದುಕಿರುತ್ತದೆ. ಸಕಲೇಶಪುರದ ಹತ್ತಿರ ಒಂದು ಜೆಸಿಬಿ ಗುಂಡಿ ತೋಡಿದರೆ ಹೋಬಳಿಗೆ ಹೋಬಳಿಯೇ ಸತ್ತು ಮಲಗುತ್ತದೆ. ಡೇಟಾಗೆ ದಾರಿ ಆರಿಸುವ ಬುದ್ಧಿವಂತ ರೂಟರ್‌ಗಳು ಆಗ ಎಲ್ಲಿ ಹೋದವು?

ಎಲ್ಲಕ್ಕೂ ಉತ್ತರ, ರೂಟರ್ ದಾರಿಯನ್ನು ಹೇಗೆ ಆರಿಸುತ್ತದೆ ಅನ್ನುವುದರಲ್ಲಿದೆ. ಅದು ಎರಡು ಮಿತಿಗಳ ಒಳಗೆ ಆರಿಸುತ್ತದೆ: ಮನುಷ್ಯರು ಅದಕ್ಕೆ ಕೊಟ್ಟ ಲೆಕ್ಕ, ಮನುಷ್ಯರು ನೆಲದಲ್ಲಿ ಹೂತ ತಂತಿ.

ಮನೆಯ ರೂಟರ್ ದಾರಿ ಹುಡುಕುವುದೇ ಇಲ್ಲ

ನಮ್ಮ ಮನೆಯ ಗೋಡೆ ಮೇಲಿರುವ ಪೆಟ್ಟಿಗೆಗೂ ರೂಟರ್ ಅಂತಲೇ ಹೆಸರು. ಆದರೆ ಅದಕ್ಕೆ ಆಯ್ಕೆಯೇ ಇಲ್ಲ. ಮನೆಯೊಳಗಿನ ವಿಳಾಸವಲ್ಲದ ಎಲ್ಲವನ್ನೂ ಸುಮ್ನೆ ಕಂಪನಿಯ ಕಡೆಗೆ ದೂಡುವುದಷ್ಟೇ ಅದರ ಕೆಲಸ. ಹೊರಗೆ ಹೋಗಲು ಇರುವುದು ಒಂದೇ ಬಾಗಿಲು.

ನಿಜವಾದ ಆಯ್ಕೆ ಶುರುವಾಗುವುದು ಒಂದಕ್ಕಿಂತ ಹೆಚ್ಚು ತಂತಿ ಬಂದು ಸೇರುವ ಕಡೆ. ಅಂಥ ರೂಟರ್‌ನೊಳಗೆ ಒಂದು ಪಟ್ಟಿ ಇರುತ್ತದೆ: ಇಂಥ ವಿಳಾಸಗಳ ಗುಂಪಿಗೆ ಹೋಗಬೇಕಾದರೆ ಇಂಥ ತಂತಿ. ಡೇಟಾ ಓಡಾಡುವುದು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ತುಣುಕುಗಳಾಗಿ. ಪ್ರತಿ ಪ್ಯಾಕೆಟ್ ಬಂದಾಗಲೂ ರೂಟರ್ ಅದರ ವಿಳಾಸ ನೋಡುತ್ತದೆ, ಪಟ್ಟಿಯಲ್ಲಿ ಹೊಂದುವ ಸಾಲು ಹುಡುಕುತ್ತದೆ, ಕಳಿಸುತ್ತದೆ. ಎರಡು ಸಾಲು ಹೊಂದಿದರೆ ಚಿಕ್ಕ ಗುಂಪನ್ನು, ಅಂದರೆ ಹೆಚ್ಚು ನಿಖರವಾದ ವಿಳಾಸವನ್ನು ಹೇಳುವ ಸಾಲಿಗೇ ಗೆಲುವು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ದೊಡ್ಡ ಅವಾಂತರದಲ್ಲಿ ಇದೇ ಬರುತ್ತದೆ.

ಒಂದು ರೂಟರ್ ಪೂರ್ತಿ ಪ್ರಯಾಣವನ್ನು ತೀರ್ಮಾನಿಸುವುದಿಲ್ಲ. ಮುಂದಿನ ಒಂದು ಹೆಜ್ಜೆ ಮಾತ್ರ ಅದರ ಕೈಯಲ್ಲಿ. ಆಮೇಲೆ ಪ್ಯಾಕೆಟ್ ಇನ್ನೊಂದು ರೂಟರ್‌ನ ಪಾಲು.

ಹಾಗಾದರೆ ಆ ಪಟ್ಟಿ ತುಂಬುವವರು ಯಾರು? ಇಲ್ಲಿ ಎರಡು ಬೇರೆ ಬೇರೆ ಲೋಕಗಳಿವೆ. ಒಂದೇ ಕಂಪನಿಯ ಜಾಲದ ಒಳಗೆ ಒಂದು ಪದ್ಧತಿ. ಕಂಪನಿ ಕಂಪನಿಗಳ ನಡುವೆ ಇನ್ನೊಂದು.

ಕಂಪನಿಯ ಒಳಗೆ: ಲೆಕ್ಕ ಸರಿ, ಕೊಟ್ಟ ಅಂಕಿ ಸರಿಯೇ?

ಹಳೆಯ ಪದ್ಧತಿ ತೀರಾ ಸರಳ. ಮಧ್ಯೆ ಎಷ್ಟು ರೂಟರ್ ಸಿಗುತ್ತವೆ ಎಂದು ಎಣಿಸು, ಕಡಿಮೆ ಇರುವ ದಾರಿ ಹಿಡಿ. ಇದಕ್ಕೆ ರಿಪ್ ಅಂತ ಹೆಸರು. 15 ಮೆಟ್ಟಿಲಿಗಿಂತ, ಅಂದರೆ 15 ರೂಟರ್‌ಗಿಂತ, ದೂರದ ಊರು ಅದರ ಪಾಲಿಗೆ ಇಲ್ಲವೇ ಇಲ್ಲ. ಎಣಿಕೆಯಲ್ಲಿ ಇನ್ನೊಂದು ತೊಂದರೆಯೂ ಇದೆ. ಹಾಸನದವರಿಗೆ ಅದನ್ನು ತೋರಿಸುವುದು ಸುಲಭ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ಅಲ್ಲಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ನೆಲದಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಂಥ ಉಪಗ್ರಹದ ಮೂಲಕ ಡೇಟಾ ಕಳಿಸಿದರೆ ಹಾಸನದಿಂದ ದೆಹಲಿಗೆ ಒಂದೇ ನೆಗೆತ. ಮೇಲೆ ಹೋಗಿ ಕೆಳಗೆ ಬರಲು ಮಾತ್ರ ಸುಮಾರು ಕಾಲು ಸೆಕೆಂಡು. ನೆಲದ ಫೈಬರ್‌ನಲ್ಲಿ ಹತ್ತು ರೂಟರ್ ದಾಟಿದರೂ ಅದರ ಹತ್ತರಲ್ಲೊಂದು ಪಾಲು ಸಮಯದ ಆಸುಪಾಸಿನಲ್ಲಿ ತಲುಪಬಹುದು. ಮೆಟ್ಟಿಲು ಎಣಿಸುವ ರೂಟರ್ ಮಾತ್ರ ಕಣ್ಣು ಮುಚ್ಚಿ ಉಪಗ್ರಹವನ್ನೇ ಆರಿಸುತ್ತದೆ.

ಅದಕ್ಕೇ ಬಂದಿದ್ದು ಇನ್ನೊಂದು ಪದ್ಧತಿ, ಓಎಸ್‌ಪಿಎಫ್. ಇದರಲ್ಲಿ ಪ್ರತಿ ತಂತಿಗೂ ಒಂದು ಖರ್ಚಿನ ಅಂಕಿ. ಪ್ರತಿ ರೂಟರ್ ತನಗೆ ಅಂಟಿದ ತಂತಿಗಳ ವಿವರವನ್ನು ಉಳಿದೆಲ್ಲ ರೂಟರ್‌ಗಳಿಗೆ ಹೇಳುತ್ತದೆ. ಎಲ್ಲರ ಹತ್ತಿರವೂ ಒಂದೇ ನಕ್ಷೆ ಸಿದ್ಧವಾಗುತ್ತದೆ. ಆಮೇಲೆ ಪ್ರತಿಯೊಂದೂ ತಾನಿರುವ ಜಾಗದಿಂದ ಎಲ್ಲ ಕಡೆಗೂ ಅತಿ ಕಡಿಮೆ ಖರ್ಚಿನ ದಾರಿ ಹುಡುಕುತ್ತದೆ. ಈ ಲೆಕ್ಕದ ವಿಧಾನವನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಯೋಚಿಸಿ 1959ರಲ್ಲಿ ಪ್ರಕಟಿಸಿದರು. ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತಾ ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಕಾಫಿ ಎಲ್ಲಿಯದ್ದು ಅಂತ ಹೇಳಿಲ್ಲ.

ಒಂದು ಜಾಲವನ್ನು ಊಹಿಸಿಕೊಳ್ಳೋಣ. ಹಾಸನದಿಂದ ಚಿಕ್ಕಮಗಳೂರಿಗೆ ಎರಡು ದಾರಿ. ಒಂದು ಬೇಲೂರಿನ ಮೇಲೆ, ಎರಡು ತಂತಿ, ಎರಡೂ ಸೆಕೆಂಡಿಗೆ 1 ಗಿಗಾಬಿಟ್ ವೇಗದವು. ಇನ್ನೊಂದು ಅರಸೀಕೆರೆ, ಕಡೂರು ಸುತ್ತಿಕೊಂಡು, ಮೂರು ತಂತಿ, ಮೂರೂ 10 ಗಿಗಾಬಿಟ್‌ನವು. ದೂರದಲ್ಲಿ ಇದು ಹೆಚ್ಚುಕಮ್ಮಿ ದುಪ್ಪಟ್ಟು. ಆದರೆ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಅರವತ್ತು ಕಿಲೋಮೀಟರ್ ಜಾಸ್ತಿ ಅಂದರೆ ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗವೂ ಇಲ್ಲ. ಅಗಲವಾದ ದಾರಿಯೇ ಒಳ್ಳೆಯದು ಅಲ್ವಾ?

ರೂಟರ್ ಏನು ಮಾಡುತ್ತದೆ ನೋಡಿ. ಒಂದು ಆಧಾರದ ವೇಗವನ್ನು ತಂತಿಯ ವೇಗದಿಂದ ಭಾಗಿಸಿದರೆ ಖರ್ಚಿನ ಅಂಕಿ ಬರುತ್ತದೆ. ಆಧಾರ 10 ಗಿಗಾಬಿಟ್ ಅಂತ ಇಟ್ಟರೆ 1 ಗಿಗಾಬಿಟ್ ತಂತಿಗೆ 10, 10 ಗಿಗಾಬಿಟ್ ತಂತಿಗೆ 1. ಬೇಲೂರಿನ ದಾರಿಗೆ 20, ಕಡೂರಿನ ದಾರಿಗೆ 3. ಡೇಟಾ ಕಡೂರಿನ ಮೇಲೆ ಹೋಗುತ್ತದೆ. ಸರಿಯಾಯಿತು. ಆದರೆ ಸಿಸ್ಕೋ ರೂಟರ್‌ಗಳಲ್ಲಿ ಹಳೆಯ ಕಾಲದಿಂದ ಬಂದ ಆಧಾರ 100 ಮೆಗಾಬಿಟ್, ಅಂದರೆ 1 ಗಿಗಾಬಿಟ್‌ನ ಹತ್ತನೇ ಒಂದು ಪಾಲು. ಆ ಲೆಕ್ಕದಲ್ಲಿ 1 ಗಿಗಾಬಿಟ್‌ಗೂ ಖರ್ಚು 1, 10 ಗಿಗಾಬಿಟ್‌ಗೂ 1. ಒಂದಕ್ಕಿಂತ ಕೆಳಗೆ ಅಂಕಿ ಇಳಿಯುವುದಿಲ್ಲ. ಈಗ ಬೇಲೂರಿಗೆ 2, ಕಡೂರಿಗೆ 3. ಡೇಟಾ ಎಲ್ಲ ಇಕ್ಕಟ್ಟಿನ ಬೇಲೂರು ದಾರಿಗೆ ನುಗ್ಗುತ್ತದೆ. ಹತ್ತು ಪಟ್ಟು ಅಗಲದ ತಂತಿ ಖಾಲಿ ಬಿದ್ದಿರುತ್ತದೆ. ರೂಟರ್ ಕೆಟ್ಟಿಲ್ಲ. ಲೆಕ್ಕವೂ ತಪ್ಪಿಲ್ಲ. ಇಂಜಿನಿಯರ್ ಒಂದು ಸಾಲು ಬದಲಿಸಿಲ್ಲ, ಅಷ್ಟೇ.

ತಂತಿ ಕಡಿದಾಗ ಈ ವ್ಯವಸ್ಥೆ ಬೇಗ ಎಚ್ಚೆತ್ತುಕೊಳ್ಳುತ್ತದೆ. ಬೆಳಕು ನಿಂತದ್ದು ನೇರವಾಗಿ ಗೊತ್ತಾದರೆ ಆ ಕ್ಷಣವೇ. ಮಧ್ಯೆ ಬೇರೆ ಸಲಕರಣೆ ಇದ್ದು ನೇರವಾಗಿ ಗೊತ್ತಾಗದಿದ್ದರೆ ತಡ. ಸಾಮಾನ್ಯ ಹೊಂದಾಣಿಕೆಯಲ್ಲಿ 10 ಸೆಕೆಂಡಿಗೊಮ್ಮೆ ಪಕ್ಕದವರಿಗೆ ಒಂದು ಹಲೋ ಹೋಗುತ್ತದೆ. 40 ಸೆಕೆಂಡು ಹಲೋ ಬರದಿದ್ದರೆ ಪಕ್ಕದವರು ಸತ್ತರು ಅಂತ ಲೆಕ್ಕ. ಆಮೇಲೆ ನಕ್ಷೆ ಹೊಸದಾಗಿ ಬರೆದು ಬೇರೆ ದಾರಿ. ಇನ್ನೂ ಚುರುಕಾಗಿ, ಸೆಕೆಂಡಿನೊಳಗೆ ಕಂಡುಹಿಡಿಯುವ ವ್ಯವಸ್ಥೆಗಳೂ ಇವೆ. ಒಳ್ಳೆಯ ಕಂಪನಿಗಳು ಅದನ್ನು ಹಾಕಿಕೊಂಡಿರುತ್ತವೆ.

ದಟ್ಟಣೆ ನೋಡಿ ದಾರಿ ಬದಲಿಸಬಾರದೇ?

ಮೇಲಿನ ಲೆಕ್ಕದಲ್ಲಿ ಒಂದು ಅಂಶ ಕಾಣೆಯಾಗಿದೆ. ತಂತಿ ಈಗ ಎಷ್ಟು ತುಂಬಿದೆ ಅನ್ನುವುದು. ಬೇಲೂರಿನ ದಾರಿ ತುಂಬಿ ತುಳುಕುತ್ತಿದ್ದರೂ ಅದರ ಖರ್ಚಿನ ಅಂಕಿ ಬದಲಾಗುವುದಿಲ್ಲ. ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆಯಲಿಲ್ಲವೇ ಅನಿಸಬಹುದು. ಹೊಳೆದಿತ್ತು, ಮಾಡಿಯೂ ನೋಡಿದ್ದರು. ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿ 1979ರಿಂದ ಪ್ರತಿ ತಂತಿಯಲ್ಲಿ ಆಗುವ ವಿಳಂಬವನ್ನು ಅಳೆದು, ಅದರ ಪ್ರಕಾರ ದಾರಿ ಆರಿಸುವ ವ್ಯವಸ್ಥೆ ತಂದರು. ಜಾಲ ಖಾಲಿ ಇದ್ದಾಗ ಚೆನ್ನಾಗಿ ನಡೆಯಿತು. ಭಾರ ಹೆಚ್ಚಿದಾಗ ತಮಾಷೆ ಶುರುವಾಯಿತು. ಒಂದು ತಂತಿ ತುಂಬಿತು ಅಂತ ಎಲ್ಲ ರೂಟರ್‌ಗಳಿಗೂ ಒಟ್ಟಿಗೇ ಗೊತ್ತಾಗುತ್ತದೆ. ಎಲ್ಲವೂ ಒಟ್ಟಿಗೇ ಇನ್ನೊಂದಕ್ಕೆ ಹಾರುತ್ತವೆ. ಈಗ ಅದು ತುಂಬುತ್ತದೆ, ಮೊದಲಿನದು ಖಾಲಿ. ಮುಂದಿನ ಅಳತೆಯಲ್ಲಿ ಎಲ್ಲವೂ ವಾಪಸ್. ಹೀಗೆ ಅತ್ತಿಂದಿತ್ತ ಓಡಾಡುವುದರಲ್ಲೇ ಎರಡೂ ತಂತಿ ಅರ್ಧ ವ್ಯರ್ಥ. 1987ರಲ್ಲಿ ಆ ಅಳತೆಯನ್ನು ತಿದ್ದಿ, ಅಂಕಿ ಒಮ್ಮೆಲೇ ಏರಿಳಿಯದಂತೆ ಕಟ್ಟುಹಾಕಬೇಕಾಯಿತು.

ಆ ಅನುಭವದ ಪರಿಣಾಮ ಇವತ್ತಿಗೂ ಇದೆ. ದೊಡ್ಡ ಜಾಲಗಳಲ್ಲಿ ರೂಟರ್‌ಗಳ ದಿನನಿತ್ಯದ ಆಯ್ಕೆ ದಟ್ಟಣೆಯನ್ನು ನೋಡಿ ನಡೆಯುವುದಿಲ್ಲ. ಅದನ್ನು ಇಂಜಿನಿಯರ್‌ಗಳು, ಅವರ ಮೇಲಿನ ಸಾಫ್ಟ್‌ವೇರ್‌ಗಳು ಬೇರೆಯಾಗಿ ನೋಡಿಕೊಂಡು ಅಂಕಿಗಳನ್ನು ಸರಿಹೊಂದಿಸುತ್ತಾರೆ. ಸ್ಥಿರವಾಗಿರಲಿ, ವೇಗ ಆಮೇಲೆ ನೋಡೋಣ ಅನ್ನುವ ರಾಜಿ ಇದು. ನನ್ನ ಪ್ರಕಾರ ಸರಿಯಾದ ರಾಜಿಯೇ.

ಗಡಿ ದಾಟಿದ ಮೇಲೆ ದುಡ್ಡಿನ ಮಾತು

ಕಂಪನಿಯ ಗಡಿ ದಾಟಿದ ಕೂಡಲೇ ಆಟದ ನಿಯಮವೇ ಬೇರೆ. ಜಗತ್ತಿನ ಇಂಟರ್ನೆಟ್ ಅಂದರೆ ಹತ್ತಾರು ಸಾವಿರ ಸ್ವತಂತ್ರ ಜಾಲಗಳು. ಏರ್‌ಟೆಲ್, ಜಿಯೊ, ಬಿಎಸ್‌ಎನ್‌ಎಲ್, ಗೂಗಲ್, ದೊಡ್ಡ ವಿಶ್ವವಿದ್ಯಾಲಯಗಳು, ಪ್ರತಿಯೊಂದಕ್ಕೂ ತನ್ನದೇ ಒಂದು ಸಂಖ್ಯೆ. ಇವು ಪರಸ್ಪರ ಮಾತಾಡಲು ಬಳಸುವ ಭಾಷೆ ಬಿಜಿಪಿ. 1989ರಲ್ಲಿ ಕರ್ಕ್ ಲೋಹೀಡ್ ಮತ್ತು ಯಾಕೋವ್ ರೆಕ್ಟರ್ ಊಟದ ಹೊತ್ತಿನಲ್ಲಿ ಕರವಸ್ತ್ರದ ಕಾಗದದ ಮೇಲೆ ಗೀಚಿದ ಯೋಚನೆಯದು. ತಾತ್ಕಾಲಿಕ ಪರಿಹಾರ ಅಂತ ಮಾಡಿದ್ದು ಇನ್ನೂ ನಡೆಯುತ್ತಿದೆ.

ಬಿಜಿಪಿಯಲ್ಲಿ ಒಂದು ಜಾಲ ಪಕ್ಕದ ಜಾಲಕ್ಕೆ ಹೇಳುವುದು ಇಷ್ಟೇ: ಈ ವಿಳಾಸಗಳಿಗೆ ನನ್ನ ಮೂಲಕ ಹೋಗಬಹುದು, ಮಧ್ಯೆ ಇಂತಿಂಥ ಜಾಲಗಳು ಸಿಗುತ್ತವೆ. ಎಷ್ಟು ಕಿಲೋಮೀಟರ್, ಎಷ್ಟು ವಿಳಂಬ, ಎಷ್ಟು ದಟ್ಟಣೆ, ಇದ್ಯಾವುದೂ ಆ ಮಾತಿನಲ್ಲಿ ಇರುವುದಿಲ್ಲ. ಒಂದೇ ಊರಿಗೆ ನಾಲ್ಕು ಜಾಲಗಳು ದಾರಿ ಹೇಳಿದರೆ ಮೊದಲು ನೋಡುವುದು ಕಂಪನಿ ತಾನೇ ಹಾಕಿಕೊಂಡ ಆದ್ಯತೆಯ ಅಂಕಿ. ಅದು ಸಮ ಆದರೆ ಮಾತ್ರ ಮಧ್ಯೆ ಎಷ್ಟು ಜಾಲ ಸಿಗುತ್ತವೆ ಎಂಬ ಎಣಿಕೆ.

ಆದ್ಯತೆಯ ಅಂಕಿ ಹಾಕುವುದು ಹೇಗೆ? ವ್ಯಾಪಾರ ನೋಡಿ. ನಮಗೆ ದುಡ್ಡು ಕೊಡುವ ಗ್ರಾಹಕ ಜಾಲದ ಮೂಲಕ ಹೋಗಲು ಸಾಧ್ಯವಿದ್ದರೆ ಅದೇ ಮೊದಲು. ಅದಿಲ್ಲದಿದ್ದರೆ, ದುಡ್ಡಿಲ್ಲದೆ ಕೊಡು-ತೆಗೆದುಕೊಳ್ಳುವ ಸರಿಸಮಾನರ ಮೂಲಕ. ನಾವೇ ದುಡ್ಡು ಕೊಡಬೇಕಾದ ದೊಡ್ಡವರ ಮೂಲಕ ಕೊನೆಗೆ. ಬೇರೆ ಕಂಪನಿಗೆ ಸೇರಬೇಕಾದ ಡೇಟಾವನ್ನು ಹತ್ತಿರದ ಬಾಗಿಲಲ್ಲೇ ದಾಟಿಸಿ ಕೈ ತೊಳೆದುಕೊಳ್ಳುವುದೂ ಮಾಮೂಲು. ತನ್ನ ತಂತಿ ಸವೆಯುವುದು ಬೇಡ ಅಂತ. ಎದುರಿನವರೂ ಹಾಗೇ ಮಾಡುವುದರಿಂದ ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು ಆಗುವುದು ತೀರಾ ಸಾಮಾನ್ಯ.

ಹಾಸನದ ಬಿ.ಎಂ. ರಸ್ತೆಯಲ್ಲಿ ಎದುರುಬದುರು ಎರಡು ಅಂಗಡಿ, ಎರಡು ಬೇರೆ ಕಂಪನಿಯ ನೆಟ್ ಅಂದುಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಫೈಲ್ ಹೋಗಬೇಕಾದರೆ ರಸ್ತೆ ದಾಟುವುದಿಲ್ಲ. ಎರಡೂ ಕಂಪನಿಗಳು ಕೈಕುಲುಕುವ ಜಾಗಕ್ಕೆ, ಅಂದರೆ ಬೆಂಗಳೂರಿಗೋ ಚೆನ್ನೈಗೋ ಮುಂಬೈಗೋ ಹೋಗಿ ಬರುತ್ತದೆ. ಒಂದು ಕಾಲದಲ್ಲಿ ಭಾರತದ ಎರಡು ಕಂಪನಿಗಳ ನಡುವಿನ ಡೇಟಾ ವಿದೇಶಕ್ಕೆ ಹೋಗಿ ಬರುತ್ತಿತ್ತು. ಅದನ್ನು ತಪ್ಪಿಸಲೆಂದೇ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಕೇಂದ್ರ ಹುಟ್ಟಿದ್ದು.

ಹೇಳಿದ್ದನ್ನೆಲ್ಲ ನಂಬುವ ಭಾಷೆ

ಬಿಜಿಪಿ ಹುಟ್ಟಿದ ಕಾಲದಲ್ಲಿ ಜಾಲ ನಡೆಸುವವರೆಲ್ಲ ಪರಸ್ಪರ ಪರಿಚಿತರು. ಹಾಗಾಗಿ ಯಾರಾದರೂ ಈ ವಿಳಾಸಗಳು ನನ್ನವು ಅಂದರೆ ಉಳಿದವರು ಹೂಂ ಅನ್ನುತ್ತಾರೆ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದಲ್ಲಿ ಯೂಟ್ಯೂಬ್ ತಡೆಯಲು ಹೋಗಿ 208.65.153.0ರಿಂದ ಶುರುವಾಗುವ 256 ವಿಳಾಸಗಳ ಗುಂಪನ್ನು ತನ್ನದು ಎಂದು ಘೋಷಿಸಿತು. ಘೋಷಣೆ ದೇಶದ ಹೊರಗೂ ಸೋರಿತು. ಯೂಟ್ಯೂಬ್ ತಾನು ಹೇಳಿಕೊಂಡಿದ್ದು ಅದನ್ನೂ ಒಳಗೊಂಡ 1024 ವಿಳಾಸಗಳ ದೊಡ್ಡ ಗುಂಪನ್ನು. ನಿಖರವಾದ ಸಾಲಿಗೇ ಗೆಲುವು ಅನ್ನುವ ನಿಯಮ ಇಲ್ಲಿ ತಿರುಗಿ ಬಿತ್ತು. ಜಗತ್ತಿನ ಎಷ್ಟೋ ರೂಟರ್‌ಗಳು ಯೂಟ್ಯೂಬ್‌ಗೆ ಹೋಗಬೇಕಾದ ಡೇಟಾವನ್ನು ಪಾಕಿಸ್ತಾನಕ್ಕೆ ಕಳಿಸಿದವು. ಸುಮಾರು ಎರಡು ಗಂಟೆ ಯೂಟ್ಯೂಬ್ ಕಾಣೆ.

ಇದು ಹಳೆಯ ಕಥೆ ಅನ್ನುವ ಹಾಗಿಲ್ಲ. 2021ರ ಏಪ್ರಿಲ್ 16ರಂದು ಭಾರತದ ವೊಡಾಫೋನ್ ಐಡಿಯಾದ ಜಾಲವೊಂದು ತನ್ನದಲ್ಲದ 30 ಸಾವಿರಕ್ಕೂ ಹೆಚ್ಚು ವಿಳಾಸ ಗುಂಪುಗಳನ್ನು ತಪ್ಪಿ ಘೋಷಿಸಿತು. ಅದೇ ವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್ ಒಟ್ಟಿಗೇ ಸುಮಾರು ಆರು ಗಂಟೆ ನಿಂತದ್ದು ನೆನಪಿರಬಹುದು. ಅದು ಉಲ್ಟಾ ಪ್ರಕರಣ. ದುರಸ್ತಿಯ ಒಂದು ಆದೇಶ ತಪ್ಪಿ ಕಂಪನಿಯ ಒಳಜಾಲವೇ ಕಡಿದುಹೋಯಿತು. ಸೈಟ್‌ನ ಹೆಸರಿಗೆ ವಿಳಾಸ ಹೇಳುವ ಅದರ ಸರ್ವರ್‌ಗಳು ತಮ್ಮ ವಿಳಾಸದ ಘೋಷಣೆಗಳನ್ನು ತಾವೇ ವಾಪಸ್ ತೆಗೆದುಕೊಂಡವು. ದಾರಿ ಕೇಳಿದರೆ ಹೇಳುವವರೇ ಇಲ್ಲ.

ಇದಕ್ಕೆ ಮದ್ದು ಇದೆ. ಆರ್‌ಪಿಕೆಐ ಎಂಬ ವ್ಯವಸ್ಥೆಯಲ್ಲಿ ವಿಳಾಸದ ಮಾಲೀಕರು ಡಿಜಿಟಲ್ ಸಹಿ ಹಾಕಿ, ಇದನ್ನು ಘೋಷಿಸುವ ಹಕ್ಕು ಈ ಜಾಲಕ್ಕೆ ಮಾತ್ರ ಎಂದು ಬರೆದಿಡುತ್ತಾರೆ. 2024ರ ಮೇ ಹೊತ್ತಿಗೆ ಜಗತ್ತಿನ ಐಪಿವಿ4 (ಹಳೆಯ ಮಾದರಿಯ ಇಂಟರ್ನೆಟ್ ವಿಳಾಸ) ದಾರಿಗಳಲ್ಲಿ ಅರ್ಧದಷ್ಟಕ್ಕೆ ಇಂಥ ಸಹಿ ಬಂದಿತ್ತು. ಆದರೆ ಸಹಿ ಹೇಳುವುದು ಊರು ಯಾರದ್ದು ಅಂತ ಮಾತ್ರ. ಮಧ್ಯದ ದಾರಿ ನಿಜವೋ ಸುಳ್ಳೋ ಎಂದು ಅದು ಹೇಳುವುದಿಲ್ಲ.

ಈಗ ಕೆಂಪು ಸಮುದ್ರಕ್ಕೆ ವಾಪಸ್

ಇಷ್ಟು ಗೊತ್ತಾದ ಮೇಲೆ ಸೆಪ್ಟೆಂಬರ್‌ನ ಸುದ್ದಿ ಬಿಡಿಸುವುದು ಕಷ್ಟವಲ್ಲ. ಕೇಬಲ್ ಕಡಿದಾಗ ರೂಟರ್‌ಗಳು ಬೇರೆ ದಾರಿ ಹುಡುಕಿದವು. ಆ ಭರವಸೆ ನಿಜ. ಆದರೆ ಅದು ತಲುಪಿಸುವ ಭರವಸೆ, ಬೇಗ ತಲುಪಿಸುವ ಭರವಸೆಯಲ್ಲ. ಯುರೋಪಿಗೆ ಹೋಗಬೇಕಾದ ಡೇಟಾ ಪೂರ್ವಕ್ಕೆ ತಿರುಗಿ ಸಿಂಗಾಪುರ, ಪೆಸಿಫಿಕ್, ಅಮೆರಿಕ ಸುತ್ತಬೇಕಾದರೆ ದೂರ ಬೆಳೆಯುತ್ತದೆ. ಪ್ರತಿ 10 ಸಾವಿರ ಕಿಲೋಮೀಟರ್ ಹೆಚ್ಚಾದರೆ ಹೋಗಲು 50 ಮಿಲಿಸೆಕೆಂಡು, ಹೋಗಿ ಬರಲು 100. ಇದು ಬೆಳಕಿನ ವೇಗದ ಲೆಕ್ಕ, ಯಾವ ರೂಟರ್ ಹಾಕಿದರೂ ಕಡಿಮೆಯಾಗುವುದಿಲ್ಲ.

ದೂರಕ್ಕಿಂತ ಕಾಡುವುದು ದಟ್ಟಣೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಮಂಗಳೂರಿನ ಎಷ್ಟೋ ವಾಹನಗಳು ಚಾರ್ಮಾಡಿಗೆ ತಿರುಗುತ್ತವೆ. ದಾರಿ ಇದೆ ನಿಜ, ಆದರೆ ಕೊಟ್ಟಿಗೆಹಾರದಲ್ಲಿ ನಿಂತವರಿಗೆ ಗೊತ್ತು ಅದರ ಕಷ್ಟ. ಉಳಿದ ಸಮುದ್ರ ಕೇಬಲ್‌ಗಳಿಗೂ ಆದದ್ದು ಅದೇ. ರೂಟರ್‌ಗಳಿಗೆ ದಟ್ಟಣೆ ಕಾಣುವುದಿಲ್ಲವಾದ್ದರಿಂದ ಅವು ತುಂಬಿದ ಕೇಬಲ್‌ಗೇ ಇನ್ನಷ್ಟು ತುಂಬುತ್ತಿರುತ್ತವೆ. ಇಂಜಿನಿಯರ್‌ಗಳು ಕೂತು ಅಂಕಿ ಬದಲಿಸಿ, ಬೇರೆ ಕಂಪನಿಗಳ ಹತ್ತಿರ ಜಾಗ ಕೊಂಡು ಹದಕ್ಕೆ ತರಲು ದಿನಗಳೇ ಬೇಕು.

ಯೂಟ್ಯೂಬ್‌ಗೆ ಏನೂ ಆಗದಿರಲು ಕಾರಣ ಅದು ಸಮುದ್ರ ದಾಟುವುದೇ ಅಪರೂಪ. ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಗಳು ನಮ್ಮ ದೇಶದಲ್ಲೇ, ಎಷ್ಟೋ ಸಲ ನಮ್ಮ ನೆಟ್ ಕಂಪನಿಯ ಕಟ್ಟಡದಲ್ಲೇ ಇರುತ್ತವೆ. ಪೆಟ್ಟು ಬೀಳುವುದು ಯುರೋಪಿನ ಸರ್ವರ್ ಜೊತೆ ನೇರ ವ್ಯವಹಾರ ಇರುವವರಿಗೆ. ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಕೂತು ಲಂಡನ್ ಕಂಪನಿಗೆ ಕೆಲಸ ಮಾಡುವವರು, ವಿಪಿಎನ್ ಬಳಸುವವರು, ಗೇಮ್ ಆಡುವವರು. ಲಂಡನ್ನಿನ ರೊಬಸ್ಟಾ ರೇಟ್ ನೋಡುವ ಬೆಳೆಗಾರರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಾಲ್ಕಂಕಿ ಬರಲು ಅರ್ಧ ಸೆಕೆಂಡು ತಡವಾದರೆ ಏನು ಮಹಾ.

ನಕ್ಷೆಯಲ್ಲಿ ಎರಡು ದಾರಿ, ನೆಲದಲ್ಲಿ ಒಂದೇ ಗುಂಡಿ

ಮಲೆನಾಡಿನ ಸಮಸ್ಯೆ ಇದಕ್ಕಿಂತ ಬೇರೆ. ಇಲ್ಲಿ ಆಯ್ಕೆ ಮಾಡಲು ದಾರಿಗಳೇ ಕಡಿಮೆ.

ಫೈಬರ್ ಹೂಳುವುದು ಹೆಚ್ಚಾಗಿ ರಸ್ತೆ ಬದಿಯಲ್ಲಿ. ಅನುಮತಿ ಸುಲಭ, ಲಾರಿ ಹೋಗುತ್ತದೆ, ದುರಸ್ತಿಗೆ ಅನುಕೂಲ. ಘಾಟಿಯಲ್ಲಿ ರಸ್ತೆ ಒಂದೇ ಆದರೆ ಎಲ್ಲ ಕಂಪನಿಗಳ ತಂತಿಯೂ ಅದೇ ಬದಿಗೆ ಬಂದು ಸೇರುತ್ತದೆ. ಹಾಸನ-ಮಾರನಹಳ್ಳಿ ಹೆದ್ದಾರಿ ಅಗಲೀಕರಣ ವರ್ಷಗಟ್ಟಲೆ ಎಳೆಯಿತು. ಅಂಥ ಕಡೆ ಜೆಸಿಬಿ ಒಂದೇ ಏಟಿಗೆ ಹಲವು ಕಂಪನಿಗಳ ತಂತಿ ಎಳೆದು ಹಾಕಬಹುದು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆಯಲ್ಲಿ ಕುಸಿದ ಹಾಗೆ ಗುಡ್ಡವೇ ಕುಸಿದರೆ ರಸ್ತೆಯ ಜೊತೆ ಬದಿಯಲ್ಲಿದ್ದದ್ದಕ್ಕೂ ಉಳಿಗಾಲವಿಲ್ಲ. ಹಳ್ಳಿಗಳಲ್ಲಿ ಇನ್ನೂ ನಾಜೂಕು. ತಂತಿ ಕರೆಂಟ್ ಕಂಬದ ಮೇಲೇ ತೂಗುತ್ತಿರುತ್ತದೆ. ಒಂದು ಮರ ಬಿದ್ದರೆ ಕರೆಂಟೂ ಹೋಯಿತು, ನೆಟ್ಟೂ ಹೋಯಿತು.

ರೂಟರ್‌ಗೆ ಇದು ಗೊತ್ತೇ? ಗೊತ್ತಿಲ್ಲ. ಅದರ ನಕ್ಷೆಯಲ್ಲಿ ಎರಡು ತಂತಿ ಎರಡು ದಾರಿಗಳಾಗಿಯೇ ಕಾಣುತ್ತವೆ. ಎರಡೂ ಒಂದೇ ಗುಂಡಿಯಲ್ಲಿ ಮಲಗಿವೆ ಎಂಬುದು ಓಎಸ್‌ಪಿಎಫ್‌ಗೂ ಬಿಜಿಪಿಗೂ ಕಾಣದ ಸತ್ಯ. ಕಾಗದದಲ್ಲಿ ಬದಲಿ ದಾರಿ ಇದ್ದೂ ಎರಡೂ ಒಟ್ಟಿಗೇ ಸಾಯುವುದು ಇದೇ ಕಾರಣಕ್ಕೆ.

ಕೇಂದ್ರ ಸರ್ಕಾರದ್ದೇ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ತುಂಡಾಗುತ್ತದೆ, ಸುಮಾರು 3 ಸಾವಿರ ಕೋಟಿ ರೂಪಾಯಿ ನಷ್ಟ. ಅಗೆಯುವ ಮೊದಲು ತಂತಿಯ ಮಾಲೀಕರಿಗೆ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ಕೂಡ ಬಂತು. ತೋಟಕ್ಕೆ ಪೈಪ್ ಹಾಕಿಸುವವರು, ರಸ್ತೆ ಕೆಲಸದ ಗುತ್ತಿಗೆದಾರರು ಅದನ್ನು ತೆರೆದು ನೋಡುತ್ತಾರೆ ಅಂತ ನಂಬುವುದು ಕಷ್ಟ.

ಪರಿಹಾರದ ಬಗ್ಗೆ ಜಗಳ

ಒಂದು ವಾದ, ಸರ್ಕಾರದ ಫೈಬರ್ ಜಾಲವನ್ನು ವೃತ್ತವಾಗಿ ಕಟ್ಟಬೇಕು ಅನ್ನುವುದು. 2011ರಲ್ಲಿ ಒಪ್ಪಿಗೆ ಪಡೆದು 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯಲ್ಲಿ ಪಂಚಾಯಿತಿಗಳಿಗೆ ತಂತಿ ಹೋದದ್ದು ಹೆಚ್ಚಾಗಿ ಸಾಲಾಗಿ. ಸಾಲಿನ ನಡುವೆ ಕಡಿದರೆ ಆಚೆಗಿನ ಎಲ್ಲ ಪಂಚಾಯಿತಿ ಕತ್ತಲೆ. ಎಂಥ ರೂಟರ್ ಇದ್ದರೂ ಅಷ್ಟೇ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕ ತಿದ್ದುಪಡಿ ಯೋಜನೆಯಲ್ಲಿ ವೃತ್ತದ ವಿನ್ಯಾಸ ಬಂತು, ಪಂಚಾಯಿತಿಗಳಲ್ಲಿ ರೂಟರ್ ಇಡುವ ಮಾತೂ ಬಂತು. ವೆಚ್ಚ 1,39,579 ಕೋಟಿ ರೂಪಾಯಿ. ವೃತ್ತದಲ್ಲಿ ಒಂದು ಕಡೆ ಕಡಿದರೆ ಡೇಟಾ ಇನ್ನೊಂದು ಸುತ್ತಿನಿಂದ ಬರುತ್ತದೆ. ಆಗ ಮಾತ್ರ ರೂಟರ್‌ನ ಬುದ್ಧಿಗೆ ಕೆಲಸ.

ಇಷ್ಟು ಖರ್ಚು ಯಾಕೆ, 4ಜಿ, 5ಜಿ ಸಾಕಲ್ಲ ಅನ್ನುವವರೂ ಇದ್ದಾರೆ. ಅವರು ಮರೆಯುವುದು ಏನೆಂದರೆ ಟವರ್ ಕೂಡ ಎಲ್ಲೋ ಒಂದು ಕಡೆ ಫೈಬರ್‌ಗೇ ಅಂಟಿರುತ್ತದೆ. ಫೈಬರ್ ಕಡಿದಾಗ ಮೊಬೈಲ್‌ನಲ್ಲಿ ಕಡ್ಡಿ ಪೂರ್ತಿ ತೋರಿಸಿ ನೆಟ್ ಮಾತ್ರ ಬಾರದೆ ಇರುವುದು ಇದಕ್ಕೇ. ಉಪಗ್ರಹದ ವಾದಕ್ಕೆ ಇದಕ್ಕಿಂತ ತೂಕವಿದೆ. 2025ರ ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಪರವಾನಗಿ ಸಿಕ್ಕಿತು. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಭೂಸ್ಥಿರ ಉಪಗ್ರಹದ ತಡ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಕುಸಿಯುವ ಗುಡ್ಡದ ಮೇಲೆ ಹಾದುಹೋಗುವುದಿಲ್ಲ. ಆದರೆ ಆಕಾಶ ಬಿಡುವಾಗಿ ಕಾಣಬೇಕು, ಸಿಲ್ವರ್ ಓಕ್ ನಡುವಿನ ಎಸ್ಟೇಟ್ ಮನೆಗಳಿಗೆ ಅದೇ ತೊಡಕು.

ಮೂರನೆಯ ಬೇಡಿಕೆ, ಚಿಕ್ಕ ನಗರಗಳಲ್ಲೂ ಕಂಪನಿಗಳು ಡೇಟಾ ವಿನಿಮಯ ಮಾಡಿಕೊಳ್ಳಲಿ ಅನ್ನುವುದು. 2022ರ ನವೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಕೂಡ ವಿನಿಮಯ ಕೇಂದ್ರಗಳಿಗೆ ಪರವಾನಗಿಯ ಹೊರೆ ಇಳಿಸುವಂತೆ ಶಿಫಾರಸು ಮಾಡಿತ್ತು. ಕಂಪನಿಗಳ ಉತ್ತರವೂ ಸುಳ್ಳಲ್ಲ: ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್, ಹೋಗಿ ಬರಲು ಬೆಳಕಿಗೆ 2 ಮಿಲಿಸೆಕೆಂಡು, ಇದಕ್ಕಾಗಿ ಹಾಸನದಲ್ಲಿ ಇನ್ನೊಂದು ಕೇಂದ್ರ ಯಾಕೆ? ವೇಗದ ದೃಷ್ಟಿಯಿಂದ ಇದು ಸರಿ. ಬೆಂಗಳೂರಿನ ತಂತಿ ಕಡಿದ ದಿನ ಹಾಸನದ ಆಸ್ಪತ್ರೆಯಿಂದ ಹಾಸನದ ಲ್ಯಾಬ್‌ಗೆ ರಿಪೋರ್ಟ್ ಹೋಗುವುದೂ ನಿಲ್ಲಬಹುದು ಅನ್ನುವುದು ಇನ್ನೊಂದು ಮುಖ. ಆದರೂ ದುಡ್ಡು ಮಿತವಾಗಿದ್ದರೆ ಮೊದಲು ಬೇಕಾದದ್ದು ಕೇಂದ್ರವಲ್ಲ, ಬೇರೆ ರಸ್ತೆಯಲ್ಲಿ ಬರುವ ಎರಡನೇ ತಂತಿ.

ಮಂಗಳೂರಿನಲ್ಲಿ ಸಮುದ್ರ ಕೇಬಲ್ ಇಳಿಯಲಿ ಎಂಬ ಬೇಡಿಕೆಯೂ ಇದೆ. ಈಗ ಅಂತರರಾಷ್ಟ್ರೀಯ ಕೇಬಲ್‌ಗಳು ಇಳಿಯುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡೆ. ಮಂಗಳೂರಿಗೆ ಬಂದರೆ ಅಲ್ಲಿಂದ ಬೆಂಗಳೂರಿಗೆ ಹೋಗುವ ತಂತಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಬಹುದು. ಅಂದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಈಗಿನ ಹಾಗೆ ಸಾಲಿನ ಕೊನೆಯಾಗಿ ಉಳಿಯದೆ ಎರಡು ಕಡೆಯಿಂದಲೂ ತಂತಿ ಬರುವ ಜಾಗವಾಗಬಹುದು. ಆಗಲೂ ಒಂದು ಷರತ್ತು: ಮೇಲೆ ಬರುವ ತಂತಿಗಳನ್ನೆಲ್ಲ ಒಂದೇ ಘಾಟಿಯಲ್ಲಿ ಹೂಳಬಾರದು.

ಎರಡು ಕನೆಕ್ಷನ್ ಹಾಕಿಸುವವರಿಗೆ

ಸದ್ಯಕ್ಕೆ ಹೋಂಸ್ಟೇಗಳು, ಕ್ಲಿನಿಕ್‌ಗಳು, ಮನೆಯಿಂದ ಕೆಲಸ ಮಾಡುವವರು ಎರಡು ಕಂಪನಿಯ ನೆಟ್ ಹಾಕಿಸುವುದು ಹೆಚ್ಚುತ್ತಿದೆ. ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಕಂಪ್ಯೂಟರ್‌ನಲ್ಲಿ ಟ್ರೇಸರೂಟ್ ಎಂಬ ಆದೇಶ ಇದೆ. ಪ್ರತಿ ಪ್ಯಾಕೆಟ್ ಮೇಲೂ ಎಷ್ಟು ರೂಟರ್ ದಾಟಬಹುದು ಎಂಬ ಎಣಿಕೆ ಇರುತ್ತದೆ, ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಬಿಸಾಕಿ ಕಳಿಸಿದವರಿಗೆ ತಿಳಿಸುತ್ತದೆ. ಎಣಿಕೆಯನ್ನು 1, 2, 3 ಅಂತ ಏರಿಸುತ್ತಾ ಹೋದರೆ ದಾರಿಯ ರೂಟರ್‌ಗಳ ವಿಳಾಸ ಒಂದೊಂದಾಗಿ ಸಿಗುತ್ತದೆ. ಉತ್ತರ ಕೊಡದ ರೂಟರ್‌ಗಳ ಜಾಗದಲ್ಲಿ ನಕ್ಷತ್ರದ ಗುರುತು ಬರುತ್ತದೆ, ಅದಕ್ಕೆ ಗಾಬರಿ ಬೇಡ. ಎರಡು ಕನೆಕ್ಷನ್‌ನಲ್ಲೂ ಮೂರನೆಯ, ನಾಲ್ಕನೆಯ ಸಾಲಿನ ಹೊತ್ತಿಗೆ ಒಂದೇ ದೊಡ್ಡ ಕಂಪನಿಯ ವಿಳಾಸ ಕಂಡರೆ ಎರಡೂ ಚಿಕ್ಕ ಕಂಪನಿಗಳು ಒಬ್ಬರ ಹತ್ತಿರವೇ ಕೊಳ್ಳುತ್ತಿವೆ ಅಂತ ಅರ್ಥ. ಬೇರೆ ಬೇರೆ ಕಂಡರೂ ತಂತಿ ಯಾವ ಕಂಬ, ಯಾವ ಗುಂಡಿಯಲ್ಲಿ ಬಂದಿದೆ ಅನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ತಂತಿ ಎಳೆಯಲು ಬಂದ ಹುಡುಗರನ್ನೇ ಕೇಳಬೇಕು.